ನಾಲ್ಕೂ ಕಡೆ ಕೈ ಬಿಗಿ

"ಸಾರ್, ನಾನು ಹಾಕಿದ ಬೆಸುಗೆ ಬಿಟ್ಟಿದೆ ಅಂತ ನೀವು ತೋರಿಸಿದ್ರೆ, ನನ್ನ ಎರಡೂ ಕೈ ಕಡಿದು ನಿಮ್ಮ ಮುಂದೆ ಇಡ್ತೀನಿ."

"ಎರಡೂ ಕಡಿದ ಮೇಲೆ ಇಡೋದು ಯಾವ ಕೈಯಲ್ಲಯ್ಯ? ಬಾಯಿ ಮುಚ್ಚಿ ಆ ತುದಿ ಹಿಡಿ."

ವೆಲ್ಡರ್ ಮುಖ ಊದಿಸಿಕೊಂಡು ಬಗ್ಗಿದ. ಕಪ್ಪು ಬಣ್ಣದ ದಪ್ಪ ಕಬ್ಬಿಣದ ತಟ್ಟೆ, ಒಬ್ಬನಿಂದ ಎತ್ತಲಾಗದಷ್ಟು ಭಾರ. ಇಬ್ಬರೂ ಸೇರಿ ಅದನ್ನು ಶೆಡ್ಡಿನ ನೆಲದಿಂದ ಎತ್ತಿ ಮರದ ಮೇಜಿನ ಮೇಲೆ ಇಟ್ಟೆವು. ನನ್ನ ಸೊಂಟ ಕಟಕ್ಕೆಂದಿತು. ವಯಸ್ಸು ಅರವತ್ತಮೂರು, ಸೊಂಟಕ್ಕೆ ಎಂಬತ್ತು.

ಮೂರು ವಾರದ ಹಿಂದೆ ಒಂದು ಭಾನುವಾರ, ಊರಾಚೆಯ ಕಲ್ಲುಕ್ವಾರಿಯ ಏರಿನಲ್ಲಿ ಇದೇ ತಟ್ಟೆ ಜೀಪಿನಿಂದ ಕಿತ್ತು ಬಂತು, ಜೀಪು ಹಿಂದಕ್ಕೆ ಉರುಳಿತು, ಒಳಗಿದ್ದ ನನ್ನ ಗೆಳೆಯ ಗಡಿಯಾರ ಸತ್ತುಹೋದ.

ಗಡಿಯಾರ ಎನ್ನುವುದು ಅಡ್ಡಹೆಸರು. ಮೂವತ್ತೈದು ವರ್ಷ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚು ರಿಪೇರಿ ಮಾಡಿದವನನ್ನು ಊರು ಇನ್ನೇನೆಂದು ಕರೆದೀತು? ನಾನು ಅವನ ಪಕ್ಕದ ಮನೆಯವನು. ಅಪಘಾತದ ವಾಹನಗಳ ಸರ್ವೇಯರ್ ಆಗಿದ್ದೆ. ನುಜ್ಜುಗುಜ್ಜಾದ ಗಾಡಿಯನ್ನು ನೋಡಿ, ಏನು ಮುರಿಯಿತು, ಯಾಕೆ ಮುರಿಯಿತು ಎಂದು ವರದಿ ಬರೆಯುವ ಕೆಲಸ. ಕೆಲಸ ಮುಗಿದು ಐದು ವರ್ಷವಾಯಿತು, ಹೆಂಡತಿ ಹೋಗಿ ಆರು ವರ್ಷವಾಯಿತು. ಆಮೇಲೆ ನನಗಿದ್ದದ್ದು ಭಾನುವಾರ ಒಂದೇ.

ಎರಡು ವರ್ಷದ ಭಾನುವಾರಗಳನ್ನೆಲ್ಲ ಈ ಶೆಡ್ಡಿನಲ್ಲಿ ಕಳೆದಿದ್ದೆವು. ಗಡಿಯಾರ ಮೂವತ್ತು ವರ್ಷದ ಹಳೆಯ ಫೋರ್ ವೀಲ್ ಡ್ರೈವ್ ಜೀಪೊಂದನ್ನು ಕೊಂಡು ತಂದಿದ್ದ. ಅದಕ್ಕೆ ಮುದುಕಿ ಎಂದು ಹೆಸರಿಟ್ಟದ್ದು ನಾನು. ಸ್ಪ್ರಿಂಗ್ ಬದಲಾಯಿಸಿ ಮುದುಕಿಯನ್ನು ಮೂರು ಇಂಚು ಎತ್ತರಿಸಿದೆವು. ನೆತ್ತಿಯ ಮೇಲೆ ಸಾಮಾನಿನ ಕ್ಯಾರಿಯರ್ ಕೂರಿಸಿದೆವು. ಹಳ್ಳಕ್ಕೆ ಇಳಿದರೆ ಎಂಜಿನ್ನಿಗೆ ಉಸಿರು ಸಿಗಲಿ ಎಂದು ಬಾನೆಟ್ ಪಕ್ಕದಿಂದ ಛಾವಣಿಯವರೆಗೆ ಸೊಂಡಿಲಿನಂಥ ಕೊಳವೆ ಏರಿಸಿದೆವು. ಊರು ನಗುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಎದುರುಮನೆಯವರು ನಮಗೆ ಕೇಳುವ ಹಾಗೇ ಹೇಳುತ್ತಿದ್ದರು. ನಗಲಿ ಬಿಡು ಎನ್ನುತ್ತಿದ್ದ ಗಡಿಯಾರ.

ಕೊನೆಯದು ವಿಂಚ್. ಗಾಡಿಯ ಮೂತಿಗೆ ಕೂರಿಸುವ ಮೋಟಾರು ಅದು. ಉಕ್ಕಿನ ಹಗ್ಗ ಬಿಚ್ಚಿ ಮರಕ್ಕೋ ಬಂಡೆಗೋ ಬಿಗಿದು ಗುಂಡಿ ಒತ್ತಿದರೆ, ಎಂಥ ಏರಿನಲ್ಲೂ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಆ ವಿಂಚ್ ಕೂರುವುದು ಈಗ ಮೇಜಿನ ಮೇಲಿದ್ದ ತಟ್ಟೆಯ ಮೇಲೆ. ತಟ್ಟೆಯನ್ನು ಗಾಡಿಯ ಚಾಸಿಗೆ ಹಿಡಿದಿಡುವುದು ಆರು ಬೋಲ್ಟ್. ನಡುವೆ ಎರಡು, ಮೂಲೆಗೊಂದರಂತೆ ನಾಲ್ಕು.

ನಡುವಿನ ಎರಡು ಬೋಲ್ಟ್ ತುಂಡಾಗಿದ್ದವು. ಮೂಲೆಯ ನಾಲ್ಕಕ್ಕೆ ನಟ್ಟೇ ಇರಲಿಲ್ಲ.

ಇಲ್ಲಿ ಪೊಲೀಸ್ ಇನ್‌ಸ್ಪೆಕ್ಟರು ತಮ್ಮ ಜಾಣತನ ಮೆರೆದಿದ್ದರು. ಗಡಿಯಾರನಿಗೆ ಒಂದು ಅಭ್ಯಾಸವಿತ್ತು. ನಟ್ಟನ್ನು ಪೂರ್ತಿ ಬಿಗಿ ಮಾಡಿದ ಮೇಲೆ, ವಾಚಿನ ಮುಳ್ಳಿಗೆ ಹಚ್ಚುವ ಹಸಿರು ಬಣ್ಣದಲ್ಲಿ ನಟ್ಟಿನಿಂದ ತಟ್ಟೆಯ ಮೇಲಕ್ಕೆ ಒಂದೇ ಗೆರೆ ಎಳೆಯುತ್ತಿದ್ದ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ನೆನಪು ಸುಳ್ಳು ಹೇಳುತ್ತೆ, ಗೆರೆ ಹೇಳಲ್ಲ ಎನ್ನುತ್ತಿದ್ದ. ನಟ್ಟು ಹೋದರೂ ತಟ್ಟೆಯ ಮೇಲೆ ಅರ್ಧ ಗೆರೆ ಉಳಿಯುತ್ತದಲ್ಲ, ಅಂಥ ಅರ್ಧ ಗೆರೆ ಆರೂ ಕಡೆ ಇದ್ದವು.

"ಆರೂ ಬಿಗಿ ಆಗಿತ್ತು, ಗೆರೆ ಇದೆ," ಎಂದಿದ್ದರು ಇನ್‌ಸ್ಪೆಕ್ಟರು. "ಬಿಗಿ ಆಗಿದ್ದ ನಟ್ಟು ತಾನಾಗಿ ಇಳಿದು ವಾಕಿಂಗ್ ಹೋಗಲ್ಲ. ಅಂದ್ರೆ ಅವರೇ ಬಿಚ್ಚಿದ್ದಾರೆ."

ಅದರ ಮೇಲೆ ಗಡಿಯಾರನ ನೋಟ್‌ಬುಕ್ಕಿನ ಕೊನೆಯ ಪುಟ. ಮಂಗಳವಾರದ ತಾರೀಖು ಹಾಕಿ, ಅವನದೇ ಇರುವೆ ಸಾಲಿನಂಥ ಅಕ್ಷರದಲ್ಲಿ ಎರಡು ಸಾಲು.

*ನಾಲ್ಕೂ ಕಡೆ ಕೈ ಬಿಗಿ.*

*ನಾಳೆ ಮುಗಿಸಿಬಿಡ್ತೀನಿ.*

ಇನ್ನೇನು ಬೇಕು? ನಾಲ್ಕೂ ಕಡೆಯಿಂದ ಕೈ ಬಿಗಿಯಾಗಿತ್ತು, ಬದುಕಲು ದಾರಿ ಕಾಣಲಿಲ್ಲ, ಮುಗಿಸಿಕೊಂಡ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಈ ಇನ್‌ಸ್ಪೆಕ್ಟರು. ಆತ್ಮಹತ್ಯೆ ಎಂದು ಬರೆದು ಫೈಲಿಗೆ ದಾರ ಸುತ್ತಿದರು. ನಿನ್ನೆ ಸಂಜೆ ಮುದುಕಿಯನ್ನು ಠಾಣೆಯ ಅಂಗಳದಿಂದ ಎಳೆಸಿಕೊಂಡು ಬಂದು ಅದರ ಮನೆಗೇ ಬಿಟ್ಟರು. ಹಿಂಭಾಗವೆಲ್ಲ ಅಪ್ಪಚ್ಚಿ, ಮುಂಭಾಗ ಮಾತ್ರ ಏನೂ ಆಗದವಳ ಹಾಗೆ ನಿಂತಿತ್ತು.

ಗಡಿಯಾರನ ಹೆಂಡತಿ ಜೀಪಿನ ಹತ್ತಿರ ಬರಲಿಲ್ಲ. ಹಿತ್ತಿಲ ಬಾಗಿಲಲ್ಲೇ ನಿಂತು ನನ್ನನ್ನು ಕರೆದಳು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು, ಮಾತು ಕಡಿಮೆ. ನನ್ನನ್ನು ಅಣ್ಣ ಎನ್ನುತ್ತಾಳೆ, ನನಗೆ ಅವಳು ತಂಗಿ.

"ಅಣ್ಣ, ನನಗೆ ಬೇರೆ ಏನೂ ಬೇಡ," ಎಂದಳು. "ಅವರು ಬೇಕು ಅಂತಲೇ ನನ್ನ ಬಿಟ್ಟು ಹೋದ್ರಾ? ಅಷ್ಟು ಮಾತ್ರ ಹೇಳಿ. ಹೌದು ಅಂದ್ರೆ ಹೌದು ಅಂತಲೇ ಹೇಳಿ. ಗೊತ್ತಿಲ್ಲದೆ ಒಬ್ಬಳೇ ಈ ಮನೇಲಿ ಮಲಗೋಕೆ ಆಗ್ತಿಲ್ಲ."

ಇದಕ್ಕೆ ಉತ್ತರ ಹುಡುಕಲು ನಾನು ಬೆಳಿಗ್ಗೆ ಏಳಕ್ಕೇ ವೆಲ್ಡರನ್ನು ಎಬ್ಬಿಸಿ ತಂದಿದ್ದೆ. ತಟ್ಟೆಗೆ ಬೆಸುಗೆ ಹಾಕಿದವನು ಅವನು.

ಬೆಸುಗೆಯನ್ನು ಬೆರಳಲ್ಲಿ ಸವರಿ ನೋಡಿದೆ, ಭೂತಗನ್ನಡಿಯಲ್ಲಿ ನೋಡಿದೆ, ಸುತ್ತಿಗೆಯಲ್ಲಿ ತಟ್ಟಿ ಕಿವಿಗೊಟ್ಟೆ. ಎಲ್ಲೂ ಬಿರುಕಿಲ್ಲ.

"ನಿನ್ನ ಕೈ ಉಳೀತು," ಎಂದೆ.

"ನಾನು ಆಗ್ಲೇ ಹೇಳಿದ್ನಲ್ಲ."

"ಹೇಳಿದೆ. ಎಲ್ಲರೂ ಹೇಳ್ತಾರೆ. ಈಗ ತಟ್ಟೆನ ಮತ್ತೆ ಗಾಡಿಗೆ ಕೂರಿಸೋಣ, ಅವನು ಹೇಗೆ ಕೂರಿಸಿದ್ನೋ ಹಾಗೇ."

ಮುರಿದದ್ದು ಹೇಗೆಂದು ತಿಳಿಯಬೇಕಾದರೆ ಕೂಡಿಸಿದ್ದು ಹೇಗೆಂದು ನೋಡಬೇಕು. ನನ್ನ ಇಡೀ ನೌಕರಿಯಲ್ಲಿ ನಾನು ಕಲಿತ ವಿದ್ಯೆ ಇಷ್ಟೇ.

ತಟ್ಟೆಯನ್ನು ಜಾಕಿನ ಮೇಲೆ ಇಟ್ಟು ಮುದುಕಿಯ ಮೂತಿಗೆ ಏರಿಸಿದೆವು. ರಂಧ್ರಕ್ಕೆ ರಂಧ್ರ ಕೂಡಲಿಲ್ಲ. ವೆಲ್ಡರ್ ಸಲಾಕಿ ತೂರಿಸಿ ಮೀಟಿದ. ಕೊನೆಗೂ ಹೊಸ ಬೋಲ್ಟೊಂದು ಒಳಗೆ ಹೋಯಿತು. ನಟ್ಟು ಬಿಗಿಯಲು ನಾನು ಪಾನಾ ಎತ್ತಿಕೊಂಡೆ.

"ಅಯ್ಯೋ ಸಾರ್, ಈಗ್ಲೇ ಪಾನಾ ಹಾಕ್ಬೇಡಿ! ಒಂದನ್ನ ಬಿಗಿ ಮಾಡಿಬಿಟ್ರೆ ಉಳಿದದ್ದು ತೂತಿಗೆ ಕೂರಲ್ಲ. ಮೊದಲು ಆರಕ್ಕೂ ಕೈಬಿಗಿ ಕೊಡಿ."

ನನ್ನ ಕೈಯಲ್ಲಿದ್ದ ಪಾನಾ ಅಲ್ಲೇ ನಿಂತಿತು.

"ಏನಂದೆ?"

"ಕೈಬಿಗಿ ಸಾರ್. ಬೆರಳಲ್ಲಿ ತಿರುಗಿಸಿ ಬಿಡೋದು. ಆಮೇಲೆ ನಡುವಿನದು ಎರಡು, ಆಮೇಲೆ ನಾಲ್ಕು ಮೂಲೆ, ಒಂದೊಂದಾಗಿ ಪಾನಾ ಹಾಕೋದು. ಯಾಕೆ, ತಪ್ಪಾ?"

"ಇನ್ನೊಂದು ಸಲ ಹೇಳು."

"ಕೈಬಿಗಿ," ಎಂದ ಅವನು, ನನಗೇನೋ ಆಗಿದೆ ಎನ್ನುವ ಹಾಗೆ ನನ್ನನ್ನು ನೋಡುತ್ತ.

ನಾಲ್ಕೂ ಕಡೆ ಕೈ ಬಿಗಿ. ನಾಳೆ ಮುಗಿಸಿಬಿಡ್ತೀನಿ.

ನನಗೆ ನಗು ಬಂತು, ಹಿಂದೆಯೇ ಅಳು ಬಂತು. ಎರಡನ್ನೂ ನುಂಗಿಕೊಂಡು ಜೀಪಿನ ಮಡ್‌ಗಾರ್ಡಿಗೆ ಒರಗಿ ಕೂತೆ. ಅಲ್ಲ, ನಾನೂ ಆ ಪುಟ ಓದಿದ್ದೆನಲ್ಲ! ಇಪ್ಪತ್ತು ಸಲ ಓದಿದ್ದೆ. ಇನ್‌ಸ್ಪೆಕ್ಟರನ್ನು ಬೈದುಕೊಂಡು ಓದಿದರೂ, ನನ್ನ ತಲೆಗೂ ಅದೇ ಅರ್ಥ ಹೊಕ್ಕಿತ್ತು. ಕೈ ಬಿಗಿ ಎಂದರೆ ಬಡತನ ಎಂದು ಓದುವ ಓದಿದವರು ನಾವು. ಕೈಗೆ ಗ್ರೀಸು ಹತ್ತಿದವನು ಒಂದೇ ಉಸಿರಿಗೆ ಸರಿಯಾದ ಅರ್ಥ ಹೇಳಿದ.

ಗಡಿಯಾರ ಸಾಯುವ ಮಾತು ಬರೆದಿರಲಿಲ್ಲ. ನಾಲ್ಕು ಮೂಲೆಯ ನಟ್ಟು ಬೆರಳಲ್ಲಿ ಮಾತ್ರ ತಿರುಗಿಸಿದ್ದೀನಿ, ನಾಳೆ ಪಾನಾ ಹಾಕಿ ಮುಗಿಸ್ತೀನಿ ಎಂದು ತನ್ನ ನೆನಪಿಗೆ ತಾನೇ ಬರೆದುಕೊಂಡಿದ್ದ.

"ತಟ್ಟೆ ಇಳಿಸು," ಎಂದೆ.

"ಈಗ ತಾನೇ ಏರಿಸಿದ್ವಲ್ಲ ಸಾರ್!"

"ಇಳಿಸು ಅಂದೆ."

ಮೇಜಿನ ಮೇಲೆ ತಟ್ಟೆಯನ್ನು ಇಬ್ಬರೂ ಸೇರಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆವು. ಬಿಗಿ ಮಾಡಿದ ನಟ್ಟಿನ ಕೆಳಗೆ ವಾಷರ್ ಇರುತ್ತದೆ, ಕಬ್ಬಿಣದ ಚಿಕ್ಕ ಉಂಗುರ. ಪಾನಾ ಹಾಕಿ ಒತ್ತಿದರೆ ಅದು ಬಣ್ಣವನ್ನು ಕಚ್ಚಿ ಗುಂಡಗೆ ಗಾಯ ಮಾಡುತ್ತದೆ. ನಡುವಿನ ಎರಡು ರಂಧ್ರದ ಸುತ್ತ ಬಣ್ಣ ಕಿತ್ತು ಬಿಳಿ ಉಂಗುರ ಎದ್ದು ಕಾಣುತ್ತಿತ್ತು. ನಾಲ್ಕು ಮೂಲೆಯ ರಂಧ್ರದ ಸುತ್ತ ಕಪ್ಪು ಬಣ್ಣ ನಿನ್ನೆ ಹಚ್ಚಿದ ಹಾಗಿತ್ತು.

ಆ ನಾಲ್ಕು ನಟ್ಟು ಬಿಚ್ಚಿದ್ದಲ್ಲ. ಅವು ಯಾವತ್ತೂ ಬಿಗಿಯೇ ಆಗಿರಲಿಲ್ಲ. ಕ್ವಾರಿಯ ದಾರಿಯ ಕುಲುಕಾಟಕ್ಕೆ ಒಂದೊಂದಾಗಿ ಉದುರಿ, ಭಾರವೆಲ್ಲ ನಡುವಿನ ಎರಡರ ಮೇಲೆ ಬಿದ್ದು ಅವು ತುಂಡಾಗಿದ್ದವು.

"ಹಾಗಾದ್ರೆ ಈ ನಾಲ್ಕು ಗೆರೆ ಎಲ್ಲಿಂದ ಬಂತು?" ಎಂದೆ, ನನಗೆ ನಾನೇ.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ನಡುವಿನ ಎರಡು ಗೆರೆ ಸೆಕೆಂಡ್ ಮುಳ್ಳಿನಷ್ಟು ಸಣ್ಣ. ಗಡಿಯಾರನ ಕೈ ಅದು, ಸಂಶಯವೇ ಇಲ್ಲ. ಮೂಲೆಯ ನಾಲ್ಕೂ ಒಂಚೂರು ದಪ್ಪ. ಆದರೆ ಎಷ್ಟು ನೇರ! ಯಾರೋ ಉಸಿರು ಬಿಗಿಹಿಡಿದು, ಅವಸರವಿಲ್ಲದೆ, ಅಕ್ಕರೆಯಿಂದ ಎಳೆದ ಹಾಗಿತ್ತು.

ಇದನ್ನು ಎಳೆದವನಿಗೆ ಗಡಿಯಾರನ ಅಭ್ಯಾಸ ಗೊತ್ತಿತ್ತು. ಸಡಿಲವಾದ ನಟ್ಟಿನ ಮೇಲೆ ಗೆರೆ ಎಳೆದರೆ ಸಾಕು, ಅವನು ಮತ್ತೆ ಮುಟ್ಟಿ ನೋಡುವುದಿಲ್ಲ ಎಂದೂ ಗೊತ್ತಿತ್ತು. ನನ್ನ ಮೈ ಉರಿಯಿತು.

ಫೋನು ತೆಗೆದು ಇನ್‌ಸ್ಪೆಕ್ಟರಿಗೆ ಹಚ್ಚಿದೆ.

"ನಿಮ್ಮ ಫೈಲಿನ ದಾರ ಬಿಚ್ಚಿ. ಅದು ಆತ್ಮಹತ್ಯೆ ಅಲ್ಲ. ಯಾರೋ ಗೆರೆ ಎಳೆದು ಅವನನ್ನ ಕೊಂದಿದ್ದಾರೆ."

"ಗೆರೆ ಎಳೆದು ಕೊಂದ್ರಾ? ಸಾರ್, ತಿಂಡಿ ಆಯ್ತಾ ನಿಮ್ದು?"

ಕೈಬಿಗಿ, ವಾಷರ್, ದಪ್ಪ ಗೆರೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಆ ಕಡೆ ಕುರ್ಚಿ ಸರಿದ ಸದ್ದು ಕೇಳಿತು. ಆಮೇಲೆ, "ಹತ್ತು ನಿಮಿಷ, ಬಂದೆ. ಏನೂ ಮುಟ್ಬೇಡಿ," ಎಂದರು. ಮುಟ್ಟುವುದೆಲ್ಲ ಮುಟ್ಟಿಯಾಗಿತ್ತು.

ಫೋನು ಇಟ್ಟು ತಿರುಗಿದರೆ ವೆಲ್ಡರ್ ಬಾಗಿಲಿನ ಕಡೆ ಎರಡು ಹೆಜ್ಜೆ ಇಟ್ಟಿದ್ದ.

"ಎಲ್ಲಿಗೆ?"

"ಅಂಗಡಿ ತೆಗೀಬೇಕು ಸಾರ್."

"ಭಾನುವಾರ ಎಂಥ ಅಂಗಡಿ? ಕೂತ್ಕೋ. ಆ ವಾರ ನೀನು ಈ ಶೆಡ್ಡಿಗೆ ಬಂದಿದ್ದೆ."

"ಬಂದಿದ್ದೆ. ಎರಡು ಸಲ. ನನ್ನ ಗ್ರೈಂಡರ್ ಇಲ್ಲೇ ಬಿಟ್ಟಿದ್ದೆ. ಬುಧವಾರ ಬಂದೆ, ಹುಡುಕಿದೆ, ಸಿಗಲಿಲ್ಲ. ಶುಕ್ರವಾರ ಮತ್ತೆ ಬಂದು ತಗೊಂಡು ಹೋದೆ."

"ಅವನು ಮಂಗಳವಾರ ರಾತ್ರಿಯಿಂದ ಜ್ವರ ಬಂದು ಮಲಗಿದ್ದ. ನಿನಗೆ ಹೇಳಿದ್ನಾ, ನಾಲ್ಕು ನಟ್ಟು ಬಿಗಿ ಮಾಡಿಬಿಡು ಅಂತ?"

"ಇಲ್ಲ."

"ಹೇಳಿದ್ದ. ನೀನು ಯಾರು ಬಗ್ಗಿ ಸಾಯ್ತಾರೆ ಅಂತ ಪಾನಾ ಮುಟ್ಟದೆ ನಾಲ್ಕು ಗೆರೆ ಎಳೆದು ಹೋದೆ. ಕೆಲಸ ಮಾಡೋಕೆ ಸೋಮಾರಿತನ, ಮಾಡಿದೀನಿ ಅಂತ ತೋರಿಸೋಕೆ ಮಾತ್ರ ಮುಂದು."

"ಸಾರ್!" ಅವನ ಧ್ವನಿ ಒಡೆಯಿತು. "ಹಾಗೆಲ್ಲ ಅನ್ಬೇಡಿ. ಅವರು ನನಗೆ ಕೆಲಸದಲ್ಲಿ ಅಚ್ಚುಕಟ್ಟು ಕಲಿಸಿದೋರು. ಬುಧವಾರ ನಾನು ನೋಡಿದಾಗ ಎರಡೇ ಗೆರೆ ಇತ್ತು, ನಡುವಿನದು. ಶುಕ್ರವಾರ ಬಂದಾಗ ಆರೂ ಇತ್ತು. ಓ, ಜ್ವರ ಬಿಟ್ಟು ಎದ್ದು ಮುಗಿಸಿದ್ದಾರೆ ಅಂದ್ಕೊಂಡೆ. ನಾನೂ ಗೆರೆ ನಂಬಿದೆ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಆಗಲೇ ಬಾಗಿಲಿಗೆ ಯಾಕೆ ಹೋಗ್ತಿದ್ದೆ?"

"ಪೊಲೀಸರು ಬರ್ತಾರೆ ಅಂದ್ರೆ ನನ್ನಂಥವನು ಬಾಗಿಲಿಗೇ ಹೋಗೋದು. ನಿಮ್ಮನ್ನಾದ್ರೆ ಕುರ್ಚಿ ಹಾಕಿ ಕೇಳ್ತಾರೆ, ನನ್ನ ನಿಲ್ಲಿಸಿ ಕೇಳ್ತಾರೆ." ಅವನು ಮೂಗು ಒರೆಸಿಕೊಂಡು ನನ್ನನ್ನು ನೇರ ನೋಡಿದ. "ಶೆಡ್ಡಿಗೆ ಎರಡು ಕೀಲಿ. ಒಂದು ಮನೆ ಒಳಗೆ. ನಾನು ಬಂದಾಗೆಲ್ಲ ಅಕ್ಕನೇ ಬಾಗಿಲು ತೆಗೆದು ಜೊತೆಗೇ ನಿಂತಿದ್ರು. ಇನ್ನೊಂದು ಕೀಲಿ ನಿಮ್ಮ ಹತ್ರ ಅಲ್ವಾ ಸಾರ್? ನೀವು ಅವರ ಜೊತೆ ಜಗಳ ಆಡಿ ಮಾತು ಬಿಟ್ಟಿದ್ದು ಬೀದಿಗೆಲ್ಲ ಗೊತ್ತು. ನಿಮ್ಮನ್ನ ಯಾರೂ ಕೇಳಲಿಲ್ಲ."

ನನ್ನ ಕೈ ತಾನಾಗಿ ಜೇಬಿನ ಕೀಲಿಯನ್ನು ಮುಟ್ಟಿ ನೋಡಿತು.

ನಿಜ. ಜಗಳವಾಗಿತ್ತು. ಕಾರಣ ಹೇಳಿದರೆ ನಾಚಿಕೆ. ಸೊಂಡಿಲು ಕೊಳವೆಯ ಬಾಯಿ ಮುಂದಕ್ಕಿರಬೇಕೋ ಹಿಂದಕ್ಕಿರಬೇಕೋ ಎಂದು ಶುರುವಾಗಿ, ನೀನೇನು ಮೆಕ್ಯಾನಿಕ್ಕಾ ಎಂದು ಅವನಂದು, ನೀನೇನು ಡ್ರೈವರಾ ಎಂದು ನಾನಂದು, ಅರವತ್ತು ದಾಟಿದ ಇಬ್ಬರು ಗಂಡಸರು ಚಿಕ್ಕಮಕ್ಕಳ ಹಾಗೆ ಟೂ ಬಿಟ್ಟೆವು. ಆ ಇಡೀ ವಾರ ನಾನು ಈ ಕಡೆ ಸುಳಿಯಲಿಲ್ಲ. ಅವನಿಗೆ ಜ್ವರ ಬಂದದ್ದು ಗೊತ್ತಾದರೂ ಹೋಗಲಿಲ್ಲ, ಅವನೇ ಕರೆಯಲಿ ಎಂದು ಕಾದೆ.

ಭಾನುವಾರ ಬೆಳಿಗ್ಗೆ ಮುದುಕಿ ಗೇಟು ದಾಟುವ ಸದ್ದು ಕೇಳಿತು. ಕಿಟಕಿಯ ಪರದೆ ಸರಿಸಿ ನೋಡಿದೆ. ಗಡಿಯಾರ ನನ್ನ ಮನೆಯ ಮುಂದೆ ಗಾಡಿ ನಿಲ್ಲಿಸಿ, ಒಮ್ಮೆ ಹಾರ್ನ್ ಮಾಡಿ, ಒಂದು ನಿಮಿಷ ಕಾದ. ನಾನು ಪರದೆಯ ಹಿಂದೆ ಅಲುಗಾಡದೆ ನಿಂತಿದ್ದೆ. ಅವನು ಹೊರಟುಹೋದ. ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಆ ಹಾರ್ನು ಈಗಲೂ ದಿನಾ ಬೆಳಿಗ್ಗೆ ಕೇಳುತ್ತದೆ, ಎದ್ದು ಕೂರುತ್ತೇನೆ, ಮನೆಯಲ್ಲಿ ಯಾರೂ ಇರುವುದಿಲ್ಲ.

"ನಾನು ಎಳೆದಿಲ್ಲ," ಎಂದೆ ವೆಲ್ಡರಿಗೆ.

"ನಾನೂ ಎಳೆದಿಲ್ಲ," ಎಂದ ಅವನು.

ಅವನ ಮುಖ ನೋಡಿದೆ. ಮೂವತ್ತು ವರ್ಷ ಸುಳ್ಳು ಹೇಳುವವರ ಮುಖ ನೋಡಿದವನು ನಾನು. ಈ ಮುಖದಲ್ಲಿ ಸುಳ್ಳಿರಲಿಲ್ಲ, ಬರೀ ಹೆದರಿಕೆ ಇತ್ತು.

ಮನೆಯೊಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಹಿತ್ತಿಲ ಬಾಗಿಲು ತೆರೆದು ತಂಗಿ ಬಂದಳು. ಹೆಗಲ ಮೇಲೆ ಅಳತೆ ಟೇಪು, ಬೆರಳಲ್ಲಿ ಸೂಜಿ ಹಾಗೇ ಇತ್ತು. ಮೂರು ವಾರದಲ್ಲಿ ಅವಳು ಶೆಡ್ಡಿನೊಳಗೆ ಕಾಲಿಟ್ಟದ್ದು ಇದೇ ಮೊದಲು.

"ಜೋರಾಗಿ ಮಾತಾಡ್ತಿದ್ರಿ," ಎಂದಳು. "ಏನಾದ್ರೂ ಸಿಕ್ತಾ ಅಣ್ಣ?"

ಗೆರೆಯ ವಿಷಯ ಆಮೇಲೆ ಹೇಳೋಣ ಎಂದುಕೊಂಡೆ. ಮೊದಲು ಅವಳು ಕೇಳಿದ್ದಕ್ಕೆ ಉತ್ತರ.

"ಸಿಕ್ತು ತಂಗಿ. ಅವನು ನಿನ್ನ ಬಿಟ್ಟು ಹೋಗಿಲ್ಲ."

ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಕೈ ಬಿಗಿ ಅಂತ ಬರೆದಿದ್ದು ಕಷ್ಟ ಅಂತಲ್ಲ. ನಟ್ಟನ್ನ ಕೈಯಲ್ಲಿ ತಿರುಗಿಸಿ ಬಿಟ್ಟಿದ್ದೀನಿ ಅಂತ. ಅದು ಕೆಲಸದ ಮಾತು. ಮುಗಿಸ್ತೀನಿ ಅಂದಿದ್ದು ಆ ಕೆಲಸವನ್ನ. ಮಾರನೇ ದಿನದ ಕೆಲಸ ಬರೆದಿಟ್ಟು ಮಲಗಿದವನು ಸಾಯೋ ಯೋಚನೆ ಮಾಡಿರಲ್ಲ ತಂಗಿ. ಅವನು ಸಂಜೆ ಮನೆಗೆ ಬರೋನೇ ಇದ್ದ."

"ನಿಜವಾ?"

"ನನ್ನ ಕೆಲಸದ ಮೇಲೆ ಆಣೆ."

ಅವಳು ನೆಲದ ಮೇಲೆ, ಗ್ರೀಸಿನ ಕಲೆಯ ಮೇಲೇ, ಕುಸಿದು ಕೂತಳು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅಳುವಿನ ನಡುವೆಯೇ ನಕ್ಕಳು. "ಬರೋರೇ ಇದ್ರು," ಎಂದಳು. "ಬರೋರೇ ಇದ್ರು ಅಲ್ವಾ? ಅಯ್ಯೋ, ನಾನು ಎಷ್ಟು ಬೈದೆ ಅವರನ್ನ. ಮೂರು ವಾರ ಫೋಟೋನ ಗೋಡೆಗೆ ತಿರುಗಿಸಿಟ್ಟಿದ್ದೆ."

ವೆಲ್ಡರ್ ಆ ಕಡೆ ತಿರುಗಿ ನಿಂತ. ಎಷ್ಟೋ ದಿನದ ಮೇಲೆ ಒಬ್ಬರಿಗೆ ಒಳ್ಳೆಯದು ಮಾಡಿದೆ ಎನ್ನಿಸಿ ಎದೆ ಹಗುರಾಯಿತು.

"ಜ್ವರದಲ್ಲೂ ಇದರದ್ದೇ ಧ್ಯಾನ," ಎಂದಳು ಅವಳು, ಕಣ್ಣೊರೆಸಿಕೊಂಡು. ಅವಳಿಗೆ ಮಾತು ಬಂದಿತ್ತು, ತಡೆಯಲು ಮನಸ್ಸಾಗಲಿಲ್ಲ. "ಮೈ ಕೆಂಡ ಆಗಿತ್ತು. ಕನವರಿಸೋರು, ನಾಲ್ಕು ಉಳಿದಿದೆ, ನಾಲ್ಕು ಉಳಿದಿದೆ ಅಂತ. ಏನು ನಾಲ್ಕು ಅಂದ್ರೆ ಜೀಪು ಅನ್ನೋರು, ಮತ್ತೆ ನಿದ್ದೆ. ನನಗೆ ನೋಡೋಕೆ ಆಗಲಿಲ್ಲ. ಗುರುವಾರ ಬೆಳಿಗ್ಗೆ ನಾನೇ ಬಂದು ನೋಡ್ದೆ."

"ಇಲ್ಲಿಗಾ?"

"ಹ್ಞೂ. ಎರಡು ವರ್ಷ ನೀವಿಬ್ಬರೂ ಇಲ್ಲಿ ಇರ್ತಿದ್ರಿ, ನಾನು ಅಲ್ಲಿ ಒಬ್ಬಳೇ ಮೆಷಿನ್ ತುಳೀತಿದ್ದೆ. ನಗೋದು ಕೇಳ್ಸೋದು. ಒಂದು ದಿನಾನೂ ಬಾ ಅನ್ನಲಿಲ್ಲ ಅವರು, ಕೈ ಗಲೀಜಾಗುತ್ತೆ ಅನ್ನೋರು." ಅವಳು ಮೇಜಿನ ಕಡೆ ನೋಡಿದಳು. "ಬಗ್ಗಿ ನೋಡಿದ್ರೆ ಎರಡಕ್ಕೆ ಹಸಿರು ಗೆರೆ ಇದೆ, ನಾಲ್ಕಕ್ಕೆ ಇಲ್ಲ. ಓ, ಇದೇನಾ ಉಳಿದಿರೋದು ಅಂತ ನನಗೆ ನಗು ಬಂತು. ಅವರ ಬಣ್ಣ, ಅವರ ಕುಂಚ, ಎಲ್ಲ ಇಲ್ಲೇ ಇತ್ತು. ನಾನೇ ನಾಲ್ಕೂ ಹಾಕ್ದೆ. ಗೆರೆ ಎಳೆಯೋದು ನನಗೇನು ಹೊಸದಾ? ಅವರಿಗಿಂತ ನೇರ ಬಂತು."

ವೆಲ್ಡರ್ ನಿಧಾನವಾಗಿ ಈ ಕಡೆ ತಿರುಗಿದ. ನಮ್ಮಿಬ್ಬರ ಕಣ್ಣು ಕೂಡಿತು. ಅವನಿಗೂ ಅರ್ಥವಾಗಿತ್ತು.

"ಶನಿವಾರ ಎದ್ದು ಬಂದು ನೋಡಿದ್ರು," ಅವಳು ಹೇಳುತ್ತಲೇ ಇದ್ದಳು. "ಅರೆ, ಮುಗಿಸಿಬಿಟ್ಟಿದ್ದೀನಲ್ಲ, ಜ್ವರದಲ್ಲಿ ನೆನಪೇ ಇಲ್ಲ ಅಂದ್ರು. ಎಷ್ಟು ಖುಷಿಯಾದ್ರು ಗೊತ್ತಾ ಅಣ್ಣ! ನಾನು ಹೇಳಲಿಲ್ಲ. ಭಾನುವಾರ ಸಂಜೆ ವಾಪಸ್ ಬಂದ ಮೇಲೆ ಹೇಳೋಣ, ನಿಮ್ಮ ಜೀಪಿಗೆ ನಾನೂ ಕೈ ಹಾಕಿದ್ದೀನಿ ಅಂತ ಹೇಳಿ ನಗಿಸೋಣ ಅಂತಿದ್ದೆ."

ಗೇಟಿನ ಮುಂದೆ ಪೊಲೀಸ್ ಗಾಡಿ ನಿಂತ ಸದ್ದು ಕೇಳಿಸಿತು. ಇವರನ್ನು ಕರೆದವನು ನಾನೇ, ಹತ್ತು ನಿಮಿಷದ ಹಿಂದೆ, ಎದೆ ಉಬ್ಬಿಸಿಕೊಂಡು.

ಇನ್‌ಸ್ಪೆಕ್ಟರು ಒಳಗೆ ಬಂದವರೇ ನೇರ ಮೇಜಿಗೆ ಹೋಗಿ, ತಟ್ಟೆಯ ಮೇಲೆ ಬಗ್ಗಿ, ಒಂದೊಂದೇ ರಂಧ್ರ ನೋಡಿದರು. ಹಿಂದೆ ಬಂದ ಪೇದೆ ಪುಸ್ತಕ ಬಿಚ್ಚಿ ನಿಂತ.

"ಒಪ್ಪಿದೆ ಸಾರ್. ತಪ್ಪು ನನ್ನದೇ," ಎಂದರು ಇನ್‌ಸ್ಪೆಕ್ಟರು. ಅವರ ಬಾಯಿಂದ ಈ ಮಾತು ಬೇರೆ ಯಾವ ದಿನ ಬಂದಿದ್ದರೂ ನಾನು ಕುಣಿದಾಡುತ್ತಿದ್ದೆ. "ಬಿಗಿ ಮಾಡದ ನಟ್ಟಿನ ಮೇಲೆ ಯಾರೋ ಗೆರೆ ಎಳೆದಿದ್ದಾರೆ. ಅದನ್ನ ನಂಬಿ ಅವರು ಗಾಡಿ ತಗೊಂಡು ಹೋಗಿ ಜೀವ ಕಳ್ಕೊಂಡ್ರು. ಆ ಗೆರೆ ಇಲ್ಲದಿದ್ರೆ ಅವರು ಇವತ್ತು ಇಲ್ಲೇ ಇರ್ತಿದ್ರು. ಸರಿ ತಾನೇ?"

ತಂಗಿಯ ಕೈಯಲ್ಲಿದ್ದ ಸೆರಗು ಕಣ್ಣಿನ ಹತ್ತಿರ ಹಾಗೇ ನಿಂತಿತು.

"ಯಾರು ಎಳೆದದ್ದು?" ಇನ್‌ಸ್ಪೆಕ್ಟರು ವೆಲ್ಡರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇವನಾ?"

ಅಷ್ಟು ಹೊತ್ತು ಮಾತಿಗೆ ಮಾತು ಕೊಟ್ಟ ವೆಲ್ಡರ್ ಈಗ ತುಟಿ ಬಿಚ್ಚಲಿಲ್ಲ. ಅವಳನ್ನು ನೋಡಿದ, ನನ್ನನ್ನು ನೋಡಿದ, ತಲೆ ತಗ್ಗಿಸಿದ. ಪೇದೆ ಅವನ ತೋಳಿಗೆ ಕೈ ಹಾಕಿದ. ತಂಗಿಯ ತುಟಿ ಅಲುಗಿತು.

"ನಾನು," ಎಂದೆ.

"ಏನು?"

"ಗೆರೆ ಎಳೆದವನು ನಾನು. ಅವನನ್ನ ಬಿಡಿ. ಶೆಡ್ಡಿನ ಇನ್ನೊಂದು ಕೀಲಿ ನನ್ನ ಹತ್ರ ಇದೆ. ಅವನಿಗೂ ನನಗೂ ಜಗಳ ಆಗಿತ್ತು, ಬೀದಿನ ಕೇಳಿ, ಹೇಳುತ್ತೆ."

ಇನ್‌ಸ್ಪೆಕ್ಟರು ನನ್ನ ಮುಖವನ್ನೇ ದಿಟ್ಟಿಸಿದರು. "ಸಾರ್, ನೀವೇ ನನಗೆ ಫೋನ್ ಮಾಡಿ, ಕೊಂದಿದ್ದಾರೆ ಬನ್ನಿ ಅಂದ್ರಿ. ಏನು ಹೇಳ್ತಿದ್ದೀರಿ ಅಂತ ಗೊತ್ತಿದೆಯಾ?"

"ಗೊತ್ತಿದೆ. ಬರ್ಕೊಳ್ಳಿ."

ಪೇದೆ ಬರೆಯಲೋ ಬೇಡವೋ ಎಂದು ಸಾಹೇಬರ ಕಡೆ ನೋಡಿದ. ನಾನು ತಂಗಿಯ ಕಡೆ ನೋಡಲಿಲ್ಲ. ನೋಡಬಾರದೆಂದು ಮುದುಕಿಯ ಗಾಜನ್ನೇ ನೋಡುತ್ತ ನಿಂತೆ. ಅವಳು ನೆಲದಿಂದ ಎದ್ದದ್ದು ಆ ಗಾಜಿನಲ್ಲೇ ಕಂಡಿತು. ಅವಳು ಇನ್‌ಸ್ಪೆಕ್ಟರನ್ನು ದಾಟಿ ಮೇಜಿನ ಹತ್ತಿರ ಬಂದಳು, ಬಗ್ಗಿದಳು, ಮೂಲೆಯ ಹಸಿರು ಗೆರೆಯ ಮೇಲೆ ಬೆರಳಿಟ್ಟಳು.

"ಅಣ್ಣಾ," ಎಂದಳು. "ಈ ಗೆರೆಗೆ ಅಷ್ಟೊಂದು ಅರ್ಥ ಇತ್ತಾ?"